ಬ್ರಿಜ್ ಕೋರ್ಸ್, ಟಿಇಟಿ, ಹದಿನೆಂಟು ತಿಂಗಳ ಡಿಪ್ಲೊಮಾ: ಶಿಕ್ಷಕ ಹುದ್ದೆಯ ಬದಲಿ ದಾರಿಗಳು ಯಾರಿಗೆ ತೆರೆದಿವೆ?

ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಬಗ್ಗೆ 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸ್ಟಾಫ್ ರೂಮುಗಳನ್ನು ತಲುಪಿದ್ದು ಮೂರು ನಾಲ್ಕು ಬೇರೆ ಬೇರೆ ರೂಪಗಳಲ್ಲಿ. ‘ಸರ್ವಿಸ್‌ನಲ್ಲಿ ಇರೋರೆಲ್ಲ ಟಿಇಟಿ ಬರೀಬೇಕಂತೆ’ ಎಂಬುದು ಒಂದು. ‘ಐವತ್ತೈದು ದಾಟಿದವರಿಗೆ ಏನೂ ತೊಂದರೆ ಇಲ್ಲವಂತೆ’ ಎಂಬುದು ಇನ್ನೊಂದು. ಅದೇ ಹೊತ್ತಿಗೆ ಬಿ.ಇಡಿ ಮಾಡಿದ ಪ್ರಾಥಮಿಕ ಶಿಕ್ಷಕರಿಗೆ ಆರು ತಿಂಗಳ ಬ್ರಿಜ್ ಕೋರ್ಸ್ ಬಂದಿದೆ ಎಂಬ ಸುದ್ದಿಯೂ ಸೇರಿಕೊಂಡಿತು. ಬಿ.ಇಡಿ ಪದವಿ ಕೈಯಲ್ಲಿ ಹಿಡಿದು ಕೆಲಸ ಹುಡುಕುತ್ತಿರುವ ಸಾವಿರಾರು ಯುವಕ ಯುವತಿಯರು ಅದನ್ನು ತಮಗೆ ತೆರೆದ ಹೊಸ ಬಾಗಿಲು ಎಂದುಕೊಂಡರು. ಆದರೆ ಆ ಕೋರ್ಸ್ ಅವರಿಗಲ್ಲ.

ಈ ಗೊಂದಲಕ್ಕೆ ಓದುಗರ ಅಜಾಗರೂಕತೆ ಕಾರಣವಲ್ಲ. ಹದಿನೈದು ವರ್ಷಗಳಲ್ಲಿ ಕಾಯ್ದೆ, ತಿದ್ದುಪಡಿ, ಅಧಿಸೂಚನೆ, ತೀರ್ಪು, ಸ್ಪಷ್ಟೀಕರಣಗಳು ಒಂದರ ಮೇಲೊಂದು ಬಂದಿವೆ. ಅವೆಲ್ಲದರ ಅಡಿಯಲ್ಲಿ ಒಂದೇ ಸಮಸ್ಯೆ ಮತ್ತೆ ಮತ್ತೆ ತಲೆಯೆತ್ತಿದೆ. ನಮ್ಮಲ್ಲಿ ಶಿಕ್ಷಕ ಅರ್ಹತೆಗೆ ರೂಪಿಸಿದ ಬದಲಿ ದಾರಿಗಳು, ಒಂದನ್ನು ಬಿಟ್ಟರೆ, ಆಗಲೇ ಒಳಗಿರುವವರ ನೌಕರಿ ಉಳಿಸಲು ಮಾಡಿದವು. ಹೊರಗಿನಿಂದ ಹೊಸಬರನ್ನು ಕರೆತರಲು ಮಾಡಿದವಲ್ಲ. ಸರ್ಕಾರಿ ಜಮೀನಿನ ಅಕ್ರಮ-ಸಕ್ರಮ ಯೋಜನೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ: ನಿಗದಿತ ದಿನಾಂಕಕ್ಕೆ ಮೊದಲು ಸಾಗುವಳಿ ಮಾಡುತ್ತಿದ್ದವರಿಗೆ ಹಕ್ಕುಪತ್ರ ಸಿಗುತ್ತದೆ, ಆಮೇಲೆ ಬೇಲಿ ಹಾಕಿದವರಿಗೆ ಸಿಗುವುದಿಲ್ಲ.

ಅರ್ಹತೆ ಎಂದರೆ ಎರಡು ಕಾಗದ

ವೈದ್ಯರಿಗೆ, ವಕೀಲರಿಗೆ ಇರುವಂಥ ಪರವಾನಗಿ ಭಾರತದಲ್ಲಿ ಶಿಕ್ಷಕರಿಗೆ ಇಲ್ಲ. ಅದರ ಜಾಗದಲ್ಲಿ ಎರಡು ಕಾಗದಗಳಿವೆ. ಒಂದು, ತರಬೇತಿಯ ಡಿಪ್ಲೊಮಾ ಅಥವಾ ಪದವಿ. ಇನ್ನೊಂದು, ಶಿಕ್ಷಕರ ಅರ್ಹತಾ ಪರೀಕ್ಷೆ ಅಂದರೆ ಟಿಇಟಿಯ ಪ್ರಮಾಣಪತ್ರ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 23ನೇ ಸೆಕ್ಷನ್ ಪ್ರಕಾರ 1ರಿಂದ 8ನೇ ತರಗತಿಯ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ಗೊತ್ತುಮಾಡುವುದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು. ಅದು 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಹೀಗೆ ವಿಂಗಡಿಸಿತು. 1ರಿಂದ 5ನೇ ತರಗತಿಗೆ ಪಿಯುಸಿಯ ಜೊತೆ ಎರಡು ವರ್ಷದ ಡಿ.ಇಎಲ್.ಇಡಿ, ಅಂದರೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ, ಬೇಕು. ಕರ್ನಾಟಕದಲ್ಲಿ ಹಿಂದೆ ಟಿಸಿಎಚ್ ಎಂದೂ ಆಮೇಲೆ ಡಿ.ಇಡಿ ಎಂದೂ ಕರೆಯುತ್ತಿದ್ದದ್ದು ಇದನ್ನೇ. 6ರಿಂದ 8ನೇ ತರಗತಿಗೆ ಪದವಿ ಮತ್ತು ಬಿ.ಇಡಿ, ಅಥವಾ ಪದವಿ ಮತ್ತು ಡಿ.ಇಎಲ್.ಇಡಿ ಬೇಕು. ಎರಡೂ ಹಂತಕ್ಕೆ ಟಿಇಟಿ ಕಡ್ಡಾಯ: ಕೆಳಗಿನ ಹಂತಕ್ಕೆ ಮೊದಲ ಪತ್ರಿಕೆ, ಮೇಲಿನದಕ್ಕೆ ಎರಡನೆಯದು. ಪ್ರೌಢಶಾಲೆ ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಹಾಗಾಗಿ 9, 10ನೇ ತರಗತಿಯ ಸಹಶಿಕ್ಷಕರು ಈ ತೀರ್ಪಿನ ವಿಷಯದಲ್ಲಿ ಗಾಬರಿಯಾಗಬೇಕಿಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಅಂಶವಿದೆ. ಟಿಇಟಿ ಪಾಸಾದರೆ ಕೆಲಸ ಸಿಗುವುದಿಲ್ಲ, ಅರ್ಜಿ ಹಾಕುವ ಅರ್ಹತೆ ಮಾತ್ರ ಸಿಗುತ್ತದೆ. ಸರ್ಕಾರಿ ಹುದ್ದೆಗೆ ಆಮೇಲೆ ಪ್ರತ್ಯೇಕ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತದೆ. ಕರ್ನಾಟಕ 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗಳಿಗೆ ನಡೆಸಿದ್ದು ಅಂಥದ್ದೇ ಪರೀಕ್ಷೆ. ಟಿಇಟಿ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಅವಧಿ ಇತ್ತು. 2021ರಲ್ಲಿ ಅದನ್ನು ಜೀವಿತಾವಧಿಗೆ ವಿಸ್ತರಿಸಿ, 2011ರಿಂದಲೇ ಪಾಸಾದವರಿಗೆ ಅನ್ವಯಿಸಿದರು. ಹಳೆಯ ಪ್ರಮಾಣಪತ್ರ ಇದ್ದವರು ಮತ್ತೆ ಬರೆಯುವ ಅಗತ್ಯವಿಲ್ಲ.

ಮೊದಲ ಬದಲಿ ದಾರಿ: ಹದಿನೆಂಟು ತಿಂಗಳ ಡಿಪ್ಲೊಮಾ

ಕಾಯ್ದೆ ಬಂದಾಗ ದೇಶದ ಲಕ್ಷಾಂತರ ಶಿಕ್ಷಕರಿಗೆ ತರಬೇತಿಯೇ ಆಗಿರಲಿಲ್ಲ. ಐದು ವರ್ಷದೊಳಗೆ, ಅಂದರೆ 2015ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಿರಿ ಎಂದು ಕಾಯ್ದೆಯೇ ಹೇಳಿತ್ತು. ಗಡುವು ಮುಗಿದರೂ ಬಹಳಷ್ಟು ಜನ ಬಾಕಿ ಉಳಿದರು. 2017ರಲ್ಲಿ ಸಂಸತ್ತು ತಿದ್ದುಪಡಿ ತಂದು, 2015ರ ಮಾರ್ಚ್ 31ರಂದು ಹುದ್ದೆಯಲ್ಲಿದ್ದವರಿಗೆ 2019ರ ಮಾರ್ಚ್ 31ರವರೆಗೆ ಕಾಲ ಕೊಟ್ಟಿತು. ಅಷ್ಟು ಜನರನ್ನು ಎರಡು ವರ್ಷ ಶಾಲೆ ಬಿಡಿಸಿ ತರಬೇತಿ ಕಾಲೇಜಿಗೆ ಕಳಿಸುವಂತಿರಲಿಲ್ಲ. ಆಗ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಸ್ವಯಂ ಎಂಬ ಆನ್‌ಲೈನ್ ವೇದಿಕೆಯ ಮೂಲಕ ಡಿ.ಇಎಲ್.ಇಡಿ ಶುರುಮಾಡಿತು. ಸುಮಾರು 14 ಲಕ್ಷ ಮಂದಿ ಸೇರಿಕೊಂಡರು. ಖಾಸಗಿ ಶಾಲೆಯವರೂ ಅದರಲ್ಲಿದ್ದರು.

ಎರಡು ವರ್ಷದ ಕೋರ್ಸ್ ಹದಿನೆಂಟು ತಿಂಗಳಿಗೆ ಇಳಿದದ್ದು ಹೇಗೆ? ಇವರು ದಿನವೂ ತರಗತಿಯಲ್ಲೇ ಇರುವವರು, ಆರು ತಿಂಗಳ ಇಂಟರ್ನ್‌ಶಿಪ್ ಮತ್ತೆ ಬೇಕಿಲ್ಲ ಎಂಬ ತರ್ಕದಿಂದ. ಸೇವಾನಿರತರ ಮಟ್ಟಿಗೆ ತರ್ಕ ಸರಿಯೇ. ತೊಡಕು ಶುರುವಾದದ್ದು ಈ ಡಿಪ್ಲೊಮಾ ಹಿಡಿದು ಜನ ಹೊಸ ಹುದ್ದೆಗಳಿಗೆ ಅರ್ಜಿ ಹಾಕಿದಾಗ. ಖಾಸಗಿ ಶಾಲೆಯಲ್ಲಿ ಕೆಲಸದಲ್ಲಿದ್ದವರು ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವುದು ಸಹಜವೇ. ಆದರೆ ಕಾಲೇಜಿಗೆ ಹೋಗಿ ಎರಡು ವರ್ಷ ಓದಿದವರು ಇದನ್ನು ಒಪ್ಪಲಿಲ್ಲ.

2023ರ ನವೆಂಬರ್ 28ರಂದು, ಉತ್ತರಾಖಂಡದ ಪ್ರಕರಣವೊಂದರಲ್ಲಿ, ಹದಿನೆಂಟು ತಿಂಗಳ ಡಿಪ್ಲೊಮಾ ಎರಡು ವರ್ಷದ ಡಿಪ್ಲೊಮಾಕ್ಕೆ ಸಮವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಡಿಸೆಂಬರ್ 10ರಂದು ಅದನ್ನು ಸ್ವಲ್ಪ ಸಡಿಲಿಸಿತು: 2017ರ ಆಗಸ್ಟ್ 10ರಂದು ಸೇವೆಯಲ್ಲಿದ್ದು, 2019ರ ಏಪ್ರಿಲ್ 1ಕ್ಕೆ ಮೊದಲು ಡಿಪ್ಲೊಮಾ ಮುಗಿಸಿದವರದು ಊರ್ಜಿತ. 2025ರ ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲೂ ಇದೇ ನಿಲುವು ಉಳಿಯಿತು.

ಹಾಗಾಗಿ ಈ ಡಿಪ್ಲೊಮಾ ಇರುವವರು ಜೋಪಾನ ಮಾಡಬೇಕಾದದ್ದು ಅಂಕಪಟ್ಟಿಯನ್ನಷ್ಟೇ ಅಲ್ಲ. 2017ರ ಆಗಸ್ಟ್ 10ರಂದು ಯಾವ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು ಎಂಬುದಕ್ಕೆ ಹಾಜರಿ ವಹಿ, ವೇತನದ ದಾಖಲೆ, ನೇಮಕಾತಿ ಆದೇಶ ಬೇಕು. ಶಾಲೆ ಮುಚ್ಚಿದ್ದರೆ, ಆಡಳಿತ ಮಂಡಳಿ ಬದಲಾಗಿದ್ದರೆ ಈ ಕಾಗದ ಹೊಂದಿಸುವುದು ಕಷ್ಟ. ದಾಖಲೆ ಪರಿಶೀಲನೆಯ ದಿನ ಹೊಳೆಯುವ ವಿಷಯ ಇದಲ್ಲ, ಮೊದಲೇ ಸಂಬಂಧಪಟ್ಟ ಬಿಇಒ ಕಚೇರಿಯ ಕಡತಗಳಲ್ಲಿ ಏನಿದೆ ಎಂದು ನೋಡಿಟ್ಟುಕೊಳ್ಳಬೇಕು.

ಎರಡನೆಯದು: ಬಿ.ಇಡಿಯಿಂದ ಪ್ರಾಥಮಿಕಕ್ಕೆ ಆರು ತಿಂಗಳ ಸೇತುವೆ

ಹೆಚ್ಚು ಗೊಂದಲ ಹುಟ್ಟಿಸಿದ್ದು ಇದು. 2018ರ ಜೂನ್ 28ರಂದು ಎನ್‌ಸಿಟಿಇ ಹೊಸ ಅಧಿಸೂಚನೆ ಹೊರಡಿಸಿ, ಬಿ.ಇಡಿ ಮಾಡಿದವರೂ 1ರಿಂದ 5ನೇ ತರಗತಿಗೆ ಅರ್ಹರು ಎಂದಿತು. ಷರತ್ತು ಒಂದೇ: ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ಬ್ರಿಜ್ ಕೋರ್ಸ್ ಮಾಡಬೇಕು. ಇದು ಮಾತ್ರ ನಿಜಕ್ಕೂ ಹೊರಗಿನವರಿಗೆ ತೆರೆದ ಬಾಗಿಲಾಗಿತ್ತು. ದೇಶದಾದ್ಯಂತ ಬಿ.ಇಡಿಯವರು ಟಿಇಟಿಯ ಮೊದಲ ಪತ್ರಿಕೆಯನ್ನೂ ಬರೆಯತೊಡಗಿದರು. ಆದರೆ ಬಾಗಿಲು ತೆರೆದ ಮೇಲೆ ವರ್ಷಗಟ್ಟಲೆ ಕೋರ್ಸೇ ಶುರುವಾಗಲಿಲ್ಲ! ನೇಮಕವಾದವರು ಷರತ್ತು ಪೂರೈಸಬೇಕೆಂದರೂ ಪೂರೈಸುವ ದಾರಿ ಇರಲಿಲ್ಲ.

ರಾಜಸ್ಥಾನದಲ್ಲಿ ಇದು ಕೋರ್ಟಿಗೆ ಹೋಯಿತು. ಡಿ.ಇಎಲ್.ಇಡಿಯವರ ವಾದ ನೇರವಾಗಿತ್ತು: ಬಿ.ಇಡಿಯವರಿಗೆ 6ನೇ ತರಗತಿಯಿಂದ ಪ್ರೌಢಶಾಲೆಯವರೆಗೂ ಹುದ್ದೆಗಳಿವೆ, ನಮಗಿರುವ 1ರಿಂದ 5ರ ಜಾಗಕ್ಕೂ ಅವರು ಬಂದರೆ ನಾವು ಎಲ್ಲಿಗೆ ಹೋಗುವುದು? ಕೇಂದ್ರದ ವಾದ, ಪ್ರಾಥಮಿಕ ಹಂತಕ್ಕೆ ಸಾಕಷ್ಟು ಅರ್ಹರು ಸಿಗುತ್ತಿಲ್ಲ, ಬಿ.ಇಡಿ ಮೇಲ್ಮಟ್ಟದ ಪದವಿ ಎಂಬುದಾಗಿತ್ತು. ರಾಜಸ್ಥಾನ ಹೈಕೋರ್ಟ್ 2021ರಲ್ಲಿ ಅಧಿಸೂಚನೆಯನ್ನು ರದ್ದು ಮಾಡಿತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ದೇವೇಶ್ ಶರ್ಮಾ ಪ್ರಕರಣದಲ್ಲಿ, ಅದನ್ನೇ ಎತ್ತಿಹಿಡಿಯಿತು.

ಕೋರ್ಟ್ ಕೊಟ್ಟ ಕಾರಣ ಗಮನಿಸಬೇಕಾದದ್ದು. ‘ಮೇಲ್ಮಟ್ಟ’ ಎಂಬ ಲೆಕ್ಕವನ್ನೇ ಅದು ಒಪ್ಪಲಿಲ್ಲ. ಬಿ.ಇಡಿಯ ಪಠ್ಯಕ್ರಮ ಇರುವುದು ಹರೆಯದ ಮಕ್ಕಳಿಗೆ ವಿಷಯ ಬೋಧಿಸಲು. ಆರು ವರ್ಷದ ಮಗುವಿಗೆ ಅಕ್ಷರ ತಿದ್ದಿಸುವುದು, ಸಂಖ್ಯೆಯ ಕಲ್ಪನೆ ಮೂಡಿಸುವುದು ಬೇರೆಯೇ ವಿದ್ಯೆ, ಅದನ್ನು ಕಲಿಸುವುದು ಡಿ.ಇಎಲ್.ಇಡಿ. ಉಚಿತ ಶಿಕ್ಷಣದ ಹಕ್ಕು ಎಂದರೆ ಗುಣಮಟ್ಟದ ಶಿಕ್ಷಣದ ಹಕ್ಕು ಎಂದು ಕೋರ್ಟ್ ಹೇಳಿತು. ಕೇಂದ್ರ ಸರ್ಕಾರದ ನಿರ್ದೇಶನ ಬಂತೆಂದು ಎನ್‌ಸಿಟಿಇ ಸ್ವಂತ ಪರಿಶೀಲನೆ ಇಲ್ಲದೆ ನಿರ್ಧಾರ ಕೈಗೊಂಡದ್ದನ್ನೂ ಅದು ಒಪ್ಪಲಿಲ್ಲ. ಶಿಕ್ಷಣದ ದೃಷ್ಟಿಯಿಂದ ಈ ತೀರ್ಪು ಸರಿ ಎನ್ನಬೇಕು. ಒಂದನೇ ತರಗತಿಗೆ ಕಲಿಸುವುದು ಸುಲಭದ ಕೆಲಸ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಎಷ್ಟು ಗಟ್ಟಿ ಎಂದರೆ, ನಿಯಮ ಬರೆಯುವವರಿಗೂ ಅದು ತಗುಲಿದೆ.

ಆದರೆ 2018 ಮತ್ತು 2023ರ ನಡುವೆ ಸರ್ಕಾರವೇ ಕರೆದು ಕೆಲಸ ಕೊಟ್ಟವರ ತಪ್ಪೇನು? 2024ರ ಏಪ್ರಿಲ್ 8ರಂದು ಬಂದ ಸ್ಪಷ್ಟೀಕರಣ ಇವರಿಗಾಗಿ. ನೇಮಕಾತಿ ಅಧಿಸೂಚನೆಯಲ್ಲೇ ಬಿ.ಇಡಿಯನ್ನು ಅರ್ಹತೆ ಎಂದು ನಮೂದಿಸಿದ್ದು, 2023ರ ಆಗಸ್ಟ್ 11ಕ್ಕೆ ಮೊದಲು ಕಾಯಂ ನೇಮಕವಾಗಿದ್ದವರ ಹುದ್ದೆಗೆ ಧಕ್ಕೆ ಇಲ್ಲ, ಆದರೆ ಬ್ರಿಜ್ ಕೋರ್ಸ್ ಮಾಡಲೇಬೇಕು. ಎನ್‌ಐಒಎಸ್ 2025ರಲ್ಲಿ ತಂದ ಆರು ತಿಂಗಳ ದೂರಶಿಕ್ಷಣ ಕೋರ್ಸ್ ಇದೇ. 2018ರ ಜೂನ್ 28ರಿಂದ 2023ರ ಆಗಸ್ಟ್ 11ರ ನಡುವೆ ನೇಮಕವಾದವರಿಗೆ ಮಾತ್ರ ಅದು ಮೀಸಲು. ಕೋರ್ಸ್ ಆರಂಭವಾದ ಒಂದು ವರ್ಷದೊಳಗೆ ಮುಗಿಸದಿದ್ದರೆ ನೇಮಕಾತಿಯೇ ಅನೂರ್ಜಿತವಾಗುತ್ತದೆ.

ಗೆರೆಯ ಆಚೆ ಬಿದ್ದವರ ಗತಿ ಏನಾಗುತ್ತದೆ ಎಂಬುದಕ್ಕೆ ಛತ್ತೀಸಗಢ ಉದಾಹರಣೆ. ಅಲ್ಲಿ ತೀರ್ಪಿನ ನಂತರ ನೇಮಕವಾಗಿದ್ದ ಬಿ.ಇಡಿ ಶಿಕ್ಷಕರನ್ನು, 2024ರ ಕೊನೆಯಲ್ಲಿ ಶುರುಮಾಡಿ, ಕೆಲಸದಿಂದ ತೆಗೆದರು. ದೀರ್ಘ ಧರಣಿಯ ಬಳಿಕ 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸಚಿವ ಸಂಪುಟ 2,600ಕ್ಕೂ ಹೆಚ್ಚು ಜನರನ್ನು ವಿಜ್ಞಾನ ಪ್ರಯೋಗಾಲಯದ ಸಹಾಯಕ ಶಿಕ್ಷಕರಾಗಿ ಸೇರಿಸಿಕೊಳ್ಳಲು ತೀರ್ಮಾನಿಸಿತು.

ಇಂದು ಬಿ.ಇಡಿ ಮುಗಿಸಿ ಹೊರಬಂದವರಿಗೆ ಇದರರ್ಥ ಇಷ್ಟು: 1ರಿಂದ 5ನೇ ತರಗತಿಯ ದಾರಿ ಮುಚ್ಚಿದೆ. ಮೊದಲ ಪತ್ರಿಕೆ ಪಾಸಾಗಿದ್ದರೂ ಡಿ.ಇಎಲ್.ಇಡಿ ಇಲ್ಲದೆ ಅದು ನಿರುಪಯೋಗಿ. ಎರಡನೇ ಪತ್ರಿಕೆಗೆ ಮಾತ್ರ ಬೆಲೆ. ‘ಬ್ರಿಜ್ ಕೋರ್ಸ್ ಸೀಟು ಕೊಡಿಸುತ್ತೇವೆ’ ಎಂದು ಯಾರಾದರೂ ಹೊಸಬರಿಂದ ಹಣ ಕೇಳಿದರೆ ಅದು ಮೋಸ.

ಹಾಗಾದರೆ ಟಿಇಟಿ ತೀರ್ಪು ಹೇಳಿದ್ದೇನು?

ಸೆಪ್ಟೆಂಬರ್ 1ರ ತೀರ್ಪು ಮಹಾರಾಷ್ಟ್ರ, ತಮಿಳುನಾಡಿನ ಅರ್ಜಿಗಳ ಮೇಲೆ ನ್ಯಾಯಮೂರ್ತಿ ದೀಪಂಕರ್ ದತ್ತಾ ಮತ್ತು ನ್ಯಾಯಮೂರ್ತಿ ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಕೊಟ್ಟದ್ದು. ಅಲ್ಲಿಯವರೆಗೆ 2010ಕ್ಕೆ ಮೊದಲು ನೇಮಕವಾದವರು ನಿಶ್ಚಿಂತೆಯಿಂದಿದ್ದರು. 2010ರ ಅಧಿಸೂಚನೆಯ 4ನೇ ಪ್ಯಾರಾ ಹಳಬರಿಗೆ ವಿನಾಯಿತಿ ಕೊಟ್ಟಿತ್ತು. ಕೋರ್ಟ್ ಇದನ್ನು ಬೇರೆ ರೀತಿ ಓದಿತು. ಸಂಸತ್ತಿನ ಕಾಯ್ದೆಯೇ, 2017ರ ತಿದ್ದುಪಡಿಯ ಮೂಲಕ, ಹುದ್ದೆಯಲ್ಲಿರುವ ಪ್ರತಿಯೊಬ್ಬರೂ ಕನಿಷ್ಠ ಅರ್ಹತೆ ಪಡೆಯಬೇಕು ಎಂದಿದೆ, ಟಿಇಟಿಯೂ ಆ ಕನಿಷ್ಠ ಅರ್ಹತೆಯ ಭಾಗ, ಒಂದು ಸಂಸ್ಥೆಯ ಅಧಿಸೂಚನೆ ಕಾಯ್ದೆಯನ್ನು ಮೀರಲಾರದು. ತರ್ಕದಲ್ಲಿ ಬಿರುಕಿಲ್ಲ. ಆದರೆ ಎನ್‌ಸಿಟಿಇಯೇ ಬರೆದುಕೊಟ್ಟ ವಿನಾಯಿತಿಯನ್ನು ಹದಿನೈದು ವರ್ಷ ನಂಬಿದ ಶಿಕ್ಷಕರನ್ನು ದೂರುವಂತೆಯೂ ಇಲ್ಲ.

ಇಷ್ಟು ಜನರ ಕೆಲಸ ಒಮ್ಮೆಗೇ ಹೋಗಬಾರದೆಂದು ಕೋರ್ಟ್ ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಮೂರು ಗುಂಪು ಮಾಡಿತು.

ತೀರ್ಪಿನ ದಿನಕ್ಕೆ ನಿವೃತ್ತಿಗೆ ಐದು ವರ್ಷಕ್ಕಿಂತ ಕಡಿಮೆ ಉಳಿದವರು ಟಿಇಟಿ ಇಲ್ಲದೆ ನಿವೃತ್ತಿಯವರೆಗೆ ಮುಂದುವರಿಯಬಹುದು, ಆದರೆ ಬಡ್ತಿ ಬೇಕಿದ್ದರೆ ಪಾಸಾಗಬೇಕು. ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದೊಳಗೆ, ಅಂದರೆ 2027ರ ಆಗಸ್ಟ್ ಅಂತ್ಯದೊಳಗೆ, ಪಾಸಾಗಬೇಕು. ಆಗದಿದ್ದರೆ ಸ್ವಯಂ ನಿವೃತ್ತಿ ಅಥವಾ ಕಡ್ಡಾಯ ನಿವೃತ್ತಿ, ಅರ್ಹತಾ ಸೇವೆ ಪೂರ್ಣಗೊಂಡಿದ್ದರೆ ನಿವೃತ್ತಿ ಸೌಲಭ್ಯಗಳೊಡನೆ. ಹೊಸ ನೇಮಕಾತಿ ಮತ್ತು ಬಡ್ತಿಗೆ ಯಾವ ರಿಯಾಯಿತಿಯೂ ಇಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇದು ಸದ್ಯ ಅನ್ವಯಿಸುವುದಿಲ್ಲ. ಅವುಗಳನ್ನು ಕಾಯ್ದೆಯಿಂದ ಹೊರಗಿಟ್ಟ 2014ರ ಪ್ರಮತಿ ತೀರ್ಪನ್ನೇ ಈ ಪೀಠ ಪ್ರಶ್ನಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಕಳಿಸಲು ಕೋರಿದೆ.

ಕರ್ನಾಟಕದ ಲೆಕ್ಕದಲ್ಲಿ ನೋಡೋಣ. ಇಲ್ಲಿ ನಿವೃತ್ತಿ ವಯಸ್ಸು 60. 1970ರ ಜೂನ್‌ನಲ್ಲಿ ಹುಟ್ಟಿದವರು 2030ರ ಜೂನ್‌ಗೆ ನಿವೃತ್ತರಾಗುತ್ತಾರೆ. ಅವರಿಗೆ ಉಳಿದದ್ದು ಐದು ವರ್ಷಕ್ಕಿಂತ ಕಡಿಮೆ, ಹಾಗಾಗಿ ಪರೀಕ್ಷೆ ಬೇಡ. ಅದೇ ವರ್ಷದ ಡಿಸೆಂಬರ್‌ನಲ್ಲಿ ಹುಟ್ಟಿದ ಸಹೋದ್ಯೋಗಿ ಬರೆಯಲೇಬೇಕು. ‘ಐವತ್ತೈದು ದಾಟಿದವರಿಗೆ ಏನೂ ಇಲ್ಲ’ ಎಂಬ ಮಾತು ಅರ್ಧ ಸತ್ಯವಾಗುವುದು ಎರಡು ಕಡೆ: ಲೆಕ್ಕ ಹಿಡಿಯಬೇಕಾದದ್ದು ತೀರ್ಪಿನ ದಿನಕ್ಕೆ, ಇವತ್ತಿಗಲ್ಲ. ಮತ್ತು ದಾಟಿದವರಿಗೂ ಬಡ್ತಿ ನಿಂತಿದೆ. ಉತ್ತರ ಪ್ರದೇಶ, ಕೇರಳ, ತಮಿಳುನಾಡು ಸರ್ಕಾರಗಳು ಮರುಪರಿಶೀಲನೆಯ ಹಾದಿ ಹಿಡಿದವು. ಆದರೆ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಗಡುವು ನಿಲ್ಲುವುದಿಲ್ಲ ಎಂಬುದನ್ನು ಸಂಘಗಳ ಮುಖಂಡರು ಸದಸ್ಯರಿಗೆ ಬಿಡಿಸಿ ಹೇಳುವುದು ಒಳ್ಳೆಯದು.

ಅನುಭವಿಗಳಿಗೆ ಈ ಪರೀಕ್ಷೆ ಏಕೆ ಕಷ್ಟ

ಇಪ್ಪತ್ತು ವರ್ಷ ಪಾಠ ಮಾಡಿದವರಿಗೆ ಇದೇನು ಮಹಾ ಎಂದು ಹೊರಗಿನವರು ಕೇಳುತ್ತಾರೆ. ಅಂಕಗಳ ಹಂಚಿಕೆ ನೋಡಿದರೆ ಉತ್ತರ ಸಿಗುತ್ತದೆ. 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ಅಂದರೆ ಪ್ರಶ್ನೆಗೆ ಒಂದು ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಪಾಸಾಗಲು ಶೇ 60, ಅಂದರೆ 90 ಅಂಕ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 55. ಅಂದರೆ 82.5 ಅಂಕ.

ಎರಡನೇ ಪತ್ರಿಕೆಯಲ್ಲಿ ವಿಷಯಕ್ಕೆ ಇರುವುದು 60 ಅಂಕ. ಉಳಿದ 90ರಲ್ಲಿ ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ 30, ಎರಡು ಭಾಷೆಗಳಿಗೆ ತಲಾ 30. ಗಣಿತ ಮತ್ತು ವಿಜ್ಞಾನ ಒಂದೇ ವಿಭಾಗದಲ್ಲಿವೆ. ಹಾಗಾಗಿ ಗಣಿತವೊಂದನ್ನೇ ಕಲಿಸುತ್ತಾ ಬಂದವರು ಜೀವಶಾಸ್ತ್ರವನ್ನೂ ಓದಬೇಕು. ತಮ್ಮ ವಿಭಾಗದಲ್ಲಿ 60ಕ್ಕೆ 60 ತೆಗೆದರೂ ಬೇರೆ ಕಡೆಯಿಂದ 30 ತರದೆ ಪಾಸಿಲ್ಲ. ವಿಷಯದಲ್ಲಿ 40 ಬಂದರೆ ಉಳಿದ 90ರಲ್ಲಿ 50 ಬೇಕು. ಸೋಲುವುದು ಸಾಮಾನ್ಯವಾಗಿ ಇಲ್ಲಿ. ಕನ್ನಡ ಮಾಧ್ಯಮದ ಶಿಕ್ಷಕರಿಗೆ ಎರಡನೇ ಭಾಷೆಯಾದ ಇಂಗ್ಲಿಷ್‌ನ ಗದ್ಯಭಾಗ ಓದಿ ಉತ್ತರಿಸುವುದು ಹೊತ್ತು ತಿನ್ನುತ್ತದೆ. ಮಕ್ಕಳ ಬೆಳವಣಿಗೆಯ ಬಗ್ಗೆ ಪಿಯಾಜೆ, ವೈಗೋಟ್ಸ್ಕಿ, ಕೋಲ್‌ಬರ್ಗ್ ಅವರ ಸಿದ್ಧಾಂತಗಳನ್ನು ಟಿಸಿಎಚ್ ಕಾಲದಲ್ಲಿ ಓದಿದ್ದವರಿಗೆ ಅವು ಮರೆತು ದಶಕಗಳಾಗಿವೆ. ಮೊದಲ ಪತ್ರಿಕೆಯಲ್ಲಿ ಐದು ವಿಭಾಗಗಳಿಗೂ ತಲಾ 30 ಅಂಕ: ಶಿಶು ವಿಕಾಸ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ. ಅಲ್ಲಿ ನಲಿ-ಕಲಿ ತರಗತಿಯ ಶಿಕ್ಷಕರಿಗೆ ಎಲ್ಲ ವಿಷಯದ ರೂಢಿ ಇರುವುದರಿಂದ ಹೊರೆ ತುಸು ಕಡಿಮೆ.

ಎರಡು ವರ್ಷ ಎಂದರೆ ಕೇಳಲು ದೊಡ್ಡದು. ರಾಜ್ಯದ ಟಿಇಟಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನಡೆದರೆ ಕೈಗೆ ಸಿಗುವುದು ಎರಡೇ ಅವಕಾಶ, ಒಂದು ಮುಂದೂಡಿದರೆ ಒಂದೇ. ಗಣತಿ, ಚುನಾವಣೆ, ಸಮೀಕ್ಷೆಗಳ ಕೆಲಸ ಬೇರೆ. ಇಲ್ಲಿ ಸರ್ಕಾರದ ಕೈಯಲ್ಲಿರುವುದು ಪರೀಕ್ಷೆಯ ಸಂಖ್ಯೆ ಹೆಚ್ಚಿಸುವುದು ಮತ್ತು ಡಯಟ್‌ಗಳ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ, ಮೂಲಕ ತಯಾರಿ ಕೊಡಿಸುವುದು. ತಮಿಳುನಾಡು ಸೇವಾನಿರತರಿಗೆಂದೇ ವಿಶೇಷ ಟಿಇಟಿ ಘೋಷಿಸಿದ್ದು ಈ ಕಾರಣಕ್ಕೆ.

ಇನ್ನೊಂದು ಸಿಕ್ಕು ಕರ್ನಾಟಕಕ್ಕೇ ವಿಶೇಷ. 1ರಿಂದ 7ನೇ ತರಗತಿಗೆಂದು ನೇಮಕವಾಗಿದ್ದ ಶಿಕ್ಷಕರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ 1ರಿಂದ 5ಕ್ಕೆ ಸೀಮಿತಗೊಳಿಸಿತು. ಪದವಿ ಇದ್ದೂ ಹಿಂಬಡ್ತಿಯಾಯಿತು ಎಂಬುದು ಅವರ ಹಳೆಯ ಅಳಲು. 6ರಿಂದ 8ರ ಹುದ್ದೆಗೆ ತಮ್ಮನ್ನು ಪರಿಗಣಿಸಿ ಎಂದು ಅವರು ಕೇಳುತ್ತಿರುವಾಗಲೇ ಬಡ್ತಿಗೆ ಟಿಇಟಿ ಕಡ್ಡಾಯ ಎಂಬ ತೀರ್ಪು ಬಂದಿದೆ. ಹುದ್ದೆ ಉಳಿಸಿಕೊಳ್ಳಲು ಮೊದಲ ಪತ್ರಿಕೆ, ಮೇಲಕ್ಕೆ ಹೋಗಲು ಎರಡನೇ ಪತ್ರಿಕೆ. ಇಂಥವರು ಎರಡನ್ನೂ ಬರೆಯುವುದು ಜಾಣತನ. ಎರಡೂ ಪತ್ರಿಕೆ ಒಂದೇ ದಿನ ಬೇರೆ ಬೇರೆ ಅವಧಿಯಲ್ಲಿ ನಡೆಯುವುದರಿಂದ ಇದು ಸಾಧ್ಯ.

ಬೇರೆಡೆ ಹೇಗಿದೆ

ಅಮೆರಿಕದಲ್ಲಿ ‘ಬದಲಿ ಪ್ರಮಾಣೀಕರಣ’ ಎಂದರೆ ಅರ್ಥವೇ ಬೇರೆ. 1980ರ ದಶಕದಲ್ಲಿ ನ್ಯೂಜೆರ್ಸಿ ಶುರುಮಾಡಿದ ಈ ಪದ್ಧತಿ ಹೊರಗಿನವರಿಗೆಂದೇ ಇದೆ. ಟೆಕ್ಸಸ್‌ನ ಕ್ರಮ ಹೀಗೆ: ಯಾವುದೇ ವಿಷಯದ ಪದವೀಧರರು ರಾಜ್ಯದ ಮಾನ್ಯತೆ ಇರುವ ತರಬೇತಿ ಸಂಸ್ಥೆಗೆ ಸೇರಿ, ಬೋಧಿಸುವ ವಿಷಯದ ಪರೀಕ್ಷೆ ಪಾಸಾಗಿ, ಶಾಲೆಯೊಂದರಲ್ಲಿ ಕೆಲಸ ಹಿಡಿದು, ಒಂದು ವರ್ಷದ ಇಂಟರ್ನ್ ಪ್ರಮಾಣಪತ್ರ ಪಡೆಯುತ್ತಾರೆ. ಆ ವರ್ಷ ಪೂರ್ತಿ ಸಂಬಳದ ಶಿಕ್ಷಕರೇ. ಜೊತೆಗೆ ಮಾರ್ಗದರ್ಶಿ ಶಿಕ್ಷಕರೊಬ್ಬರು ಇರುತ್ತಾರೆ, ಸಂಜೆ ಓದು ನಡೆಯುತ್ತದೆ, ಬೋಧನಾ ಶಾಸ್ತ್ರದ ಪರೀಕ್ಷೆ ಮುಗಿದರೆ ಪೂರ್ಣ ಪ್ರಮಾಣಪತ್ರ. ಅಲ್ಲಿಗೆ ಹೋಗಿರುವ ಕನ್ನಡಿಗರಲ್ಲಿ ಎಂಜಿನಿಯರಿಂಗ್ ಓದಿದವರೂ ಈ ದಾರಿಯಲ್ಲಿ ಗಣಿತ ಶಿಕ್ಷಕರಾಗಬಹುದು. ಆದರೆ ಭಾರತದ ಪದವಿಯ ಮೌಲ್ಯಮಾಪನ ಮಾಡಿಸಬೇಕು, ಕೆಲಸದ ಪರವಾನಗಿ ಮೊದಲೇ ಇರಬೇಕು. ತರಬೇತಿ ಸೇರಿದ್ದರಿಂದ ವೀಸಾ ಬರುವುದಿಲ್ಲ.

ಅದರಲ್ಲೂ ದೋಷಗಳಿವೆ. ತರಬೇತಿ ಅರೆಬರೆಯಾದವರು ಬೇಗ ಬಿಟ್ಟುಹೋಗುತ್ತಾರೆ ಎಂಬ ಟೀಕೆ ಹಳೆಯದು. ಆದರೂ ಒಂದು ವ್ಯತ್ಯಾಸ ಗಮನಾರ್ಹ: ದಾರಿ ಯಾರಿಗೆ, ಎಷ್ಟು ದಿನಕ್ಕೆ, ಕೊನೆಗೆ ಸಿಗುವ ಕಾಗದಕ್ಕೆ ಬೆಲೆ ಏನು ಎಂಬುದು ಒಳಗೆ ಕಾಲಿಡುವ ಮುಂಚೆಯೇ ಗೊತ್ತಿರುತ್ತದೆ.

ಈಗ ಹೊಸಬರಿಗೆ ಉಳಿದ ದಾರಿಗಳು

ಪಿಯುಸಿಯಲ್ಲಿ ಶೇ 50 ಇದ್ದವರಿಗೆ ಡಿ.ಇಎಲ್.ಇಡಿ. ಬಿ.ಇಡಿಯವರು ಪ್ರಾಥಮಿಕದಿಂದ ಹೊರಗುಳಿದ ಮೇಲೆ ಈ ಕೋರ್ಸಿನ ಬೆಲೆ ಏರಬೇಕಿತ್ತು. ಆದರೆ ರಾಜ್ಯದಲ್ಲಿ ವರ್ಷಗಟ್ಟಲೆ ನೇಮಕಾತಿ ಇಲ್ಲದೆ ಡಿ.ಇಡಿ ಕಾಲೇಜುಗಳು ಖಾಲಿಯಾಗಿ ಎಷ್ಟೋ ಮುಚ್ಚಿವೆ. ಕೋರ್ಟ್ ಪ್ರಾಥಮಿಕ ತರಗತಿಯನ್ನು ಡಿ.ಇಎಲ್.ಇಡಿಯವರಿಗೆ ಮೀಸಲಿಟ್ಟಿದೆ, ಆದರೆ ಅಲ್ಲಿ ಓದುವವರೇ ಇಲ್ಲದಿದ್ದರೆ ಕೆಲವು ವರ್ಷಗಳಲ್ಲಿ ಅರ್ಹರ ಕೊರತೆ ಕಾಣಿಸುತ್ತದೆ. ಆಗ ಅತಿಥಿ ಶಿಕ್ಷಕರ ಸಂಖ್ಯೆ ಇನ್ನಷ್ಟು ಹೆಚ್ಚುತ್ತದೆ. ಅತಿಥಿ ಶಿಕ್ಷಕರಾಗಿ ಎಷ್ಟು ವರ್ಷ ದುಡಿದರೂ ಆ ಅನುಭವ ಟಿಇಟಿಗಾಗಲಿ ಡಿಪ್ಲೊಮಾಕ್ಕಾಗಲಿ ಬದಲಿಯಾಗುವುದಿಲ್ಲ.

ದೂರಶಿಕ್ಷಣದ ಬಿ.ಇಡಿ ಬಗ್ಗೆಯೂ ತಪ್ಪು ಕಲ್ಪನೆ ಇದೆ. ಮುಕ್ತ ವಿಶ್ವವಿದ್ಯಾಲಯಗಳ ಬಿ.ಇಡಿಗೆ ಸೇರಲು ಬರಿಯ ಪದವಿ ಸಾಲದು. ಪ್ರಾಥಮಿಕ ಹಂತದಲ್ಲಿ ಸೇವೆಯಲ್ಲಿರುವ ತರಬೇತಿ ಪಡೆದ ಶಿಕ್ಷಕರಾಗಿರಬೇಕು, ಇಲ್ಲವೇ ಎನ್‌ಸಿಟಿಇ ಮಾನ್ಯತೆಯ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿರಬೇಕು. ತರಗತಿಗೇ ಹೋಗದೆ ಹಾಜರಿ ಕೊಡಿಸುವ ಬಿ.ಇಡಿ ಕಾಲೇಜುಗಳ ಏಜೆಂಟರು ಹೇಳುವುದು ಇದಲ್ಲ. ಕಾಲೇಜಿಗೆ ಮಾನ್ಯತೆ ಇದೆಯೇ, ಎಷ್ಟು ಸೀಟಿಗೆ ಇದೆ, ಯಾವ ವರ್ಷದವರೆಗೆ ಇದೆ ಎಂಬ ಮೂರನ್ನೂ ಎನ್‌ಸಿಟಿಇಯ ಪಟ್ಟಿಯಲ್ಲಿ ನೋಡದೆ ಶುಲ್ಕ ಕಟ್ಟಬಾರದು. ಮಾನ್ಯತೆ ಹಿಂತೆಗೆದ ನಂತರದ ಬ್ಯಾಚಿನ ಪದವಿಗೆ ನೇಮಕಾತಿಯಲ್ಲಿ ಬೆಲೆ ಸಿಗುವುದಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಕೋರ್ಸ್, ಅಂದರೆ ಐಟಿಇಪಿ, ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಇದು ನಡೆಯುತ್ತಿದೆ. ಪಿಯುಸಿ ಮುಗಿಸಿದವರು ರಾಷ್ಟ್ರೀಯ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಜೊತೆಗೆ ಎನ್‌ಸಿಟಿಇ 2025ರ ಕರಡು ನಿಯಮಾವಳಿಯಲ್ಲಿ ಒಂದು ವರ್ಷದ ಬಿ.ಇಡಿಯನ್ನು ಮತ್ತೆ ತರುವ ಪ್ರಸ್ತಾಪ ಮಾಡಿದೆ. ಅದು ಎಲ್ಲರಿಗೂ ಅಲ್ಲ. ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಇದ್ದವರಿಗೆ ಮಾತ್ರ. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಹಾಗಾಗಿ ಕರಡು ಇದ್ದಂತೆಯೇ ಜಾರಿಯಾದರೆ, ಇಲ್ಲಿ ಮೂರು ವರ್ಷದ ಬಿ.ಎ, ಬಿ.ಎಸ್ಸಿ ಮುಗಿಸಿದವರು ಒಂದೋ ಎರಡು ವರ್ಷದ ಬಿ.ಇಡಿಯನ್ನೇ ಮಾಡಬೇಕು, ಇಲ್ಲವೇ ಮೊದಲು ಎಂ.ಎ, ಎಂ.ಎಸ್ಸಿ ಮುಗಿಸಿ ಆಮೇಲೆ ಒಂದು ವರ್ಷದ ಬಿ.ಇಡಿಗೆ ಸೇರಬೇಕು. ಮೊದಲನೆಯದರಲ್ಲಿ ಪಿಯುಸಿಯ ನಂತರ ಒಟ್ಟು ಐದು ವರ್ಷ, ಎರಡನೆಯದರಲ್ಲಿ ಆರು ವರ್ಷ.